ಬ್ಲಾಕ್ ಮಾಡುವ ಮುಂಚೆ ಉಳಿಸಿ: ಕಾಲೇಜಿನಲ್ಲಿ ಕಿರುಕುಳದ ಮೆಸೇಜ್ ಬಂದರೆ ಸಾಕ್ಷ್ಯ ಕಾಪಾಡುವುದು ಹೇಗೆ?

ಕಾಲೇಜು, ವಿಶ್ವವಿದ್ಯಾಲಯಗಳ ದೂರು ಸಮಿತಿಗಳಲ್ಲಿ ಹೊರಗಿನ ಸದಸ್ಯೆಯಾಗಿ ಕೂತು ನಾನು ಮತ್ತೆ ಮತ್ತೆ ಕಂಡದ್ದು ಒಂದೇ. ರಾತ್ರಿ ಹೊತ್ತು ಬರುವ ಅಸಹ್ಯ ಮೆಸೇಜ್, ಹಾಸ್ಟೆಲ್ ಗ್ರೂಪಿಗೆ ಬೀಳುವ ತಿದ್ದಿದ ಫೋಟೋ, ‘ಬಂದು ಭೇಟಿಯಾಗದಿದ್ದರೆ ಎಲ್ಲರಿಗೂ ಕಳಿಸ್ತೀನಿ’ ಅನ್ನುವ ಬೆದರಿಕೆ. ಎಲ್ಲವೂ ಫೋನಿನಲ್ಲೇ ನಡೆದಿರುತ್ತದೆ. ಆದರೆ ದೂರು ಕೊಡುವ ಹೊತ್ತಿಗೆ ಫೋನಿನಲ್ಲಿ ಏನೂ ಉಳಿದಿರುವುದಿಲ್ಲ. ಹೆದರಿ, ಹೇಸಿ, ಮೊದಲ ಹತ್ತು ನಿಮಿಷದಲ್ಲೇ ಬ್ಲಾಕ್ ಮಾಡಿ ಇಡೀ ಚಾಟ್ ಅಳಿಸಿ ಹಾಕಿರುತ್ತಾರೆ.

ಅದು ಅವರ ತಪ್ಪಲ್ಲ. ಇಂಥದ್ದನ್ನು ಕಣ್ಣೆದುರು ಇಟ್ಟುಕೊಳ್ಳಲು ಯಾರಿಗೆ ತಾನೇ ಮನಸ್ಸಾಗುತ್ತದೆ? ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟೂ ಇರುವುದಿಲ್ಲ. ಅದಕ್ಕೇ ಈ ಲೇಖನ. ಮೆಸೇಜಿನಲ್ಲಿ ಶುರುವಾದದ್ದು ಹಿಂಬಾಲಿಸುವುದಕ್ಕೆ ತಿರುಗಬಹುದು, ಅಲ್ಲಿಂದ ಮೈಮೇಲೆ ಕೈ ಹಾಕುವವರೆಗೂ ಹೋಗಬಹುದು. ಮೊದಲ ಹಂತದಲ್ಲೇ ತಡೆಯಬೇಕಾದರೆ ಆ ಹಂತದ ಸಾಕ್ಷ್ಯ ಕೈಯಲ್ಲಿರಬೇಕು.

ಇದು ಹುಡುಗಿಯರಿಗೆ ಮಾತ್ರ ಬರೆದದ್ದಲ್ಲ. ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಲೈಂಗಿಕ ಕಿರುಕುಳ ತಡೆಯಲು ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ತಂದ 2015ರ ನಿಯಮಗಳು ಕಿರುಕುಳಕ್ಕೆ ಒಳಗಾಗುವ ಹುಡುಗರನ್ನೂ ತೃತೀಯ ಲಿಂಗಿ ವಿದ್ಯಾರ್ಥಿಗಳನ್ನೂ ಗುರುತಿಸುತ್ತವೆ.

ಹಂತ 1: ಮೊದಲು ನೀವು, ಆಮೇಲೆ ಫೋನ್

ಅಪಾಯ ಈಗಲೇ ಇದೆ ಅನಿಸಿದರೆ 112ಕ್ಕೆ ಕರೆ ಮಾಡಿ. ಮಹಿಳಾ ಸಹಾಯವಾಣಿ 181. ದೈಹಿಕ ದೌರ್ಜನ್ಯ ನಡೆದಿದ್ದರೆ ಆಸ್ಪತ್ರೆಗೆ ಹೋಗುವುದೇ ಮೊದಲ ಕೆಲಸ. ಅತ್ಯಾಚಾರದ ಸಂತ್ರಸ್ತರಿಗೆ ಸರ್ಕಾರಿ ಆಸ್ಪತ್ರೆಯಿರಲಿ, ಖಾಸಗಿಯಿರಲಿ, ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು ಎಂದು ಕಾನೂನಿದೆ. ತೊಟ್ಟಿದ್ದ ಬಟ್ಟೆ ಒಗೆಯಬೇಡಿ.

ಮತ್ತೊಂದು ಮಾತು. ‘ಬಂದು ಮಾತಾಡು, ಡಿಲೀಟ್ ಮಾಡ್ತೀನಿ’ ಎಂದು ಕರೆದರೆ ಒಬ್ಬರೇ ಹೋಗಬೇಡಿ. ಗೆಳೆಯರನ್ನು ಕರೆದುಕೊಂಡೂ ಹೋಗಬೇಡಿ. ಆ ಕರೆಯೇ ಸಾಕ್ಷ್ಯ, ಅದನ್ನೂ ಉಳಿಸಿ.

ಹಂತ 2: ನಿಮ್ಮ ಖಾತೆಗೆ ಬೇರೆಯವರು ಇಣುಕುತ್ತಿದ್ದಾರಾ ನೋಡಿ

ಕಿರುಕುಳ ಕೊಡುತ್ತಿರುವುದು ಹಳೆಯ ಗೆಳೆಯನೋ, ರೂಂಮೇಟೋ, ನಿಮ್ಮ ಫೋನಿನ ಪಿನ್ ಗೊತ್ತಿರುವ ಯಾರೋ ಆಗಿದ್ದರೆ ಈ ಹಂತ ಬಿಡಬೇಡಿ. ವಾಟ್ಸ್ಆ್ಯಪಿನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆಯಿರಿ. ಗೂಗಲ್ ಖಾತೆಯಲ್ಲಿ ಯಾವ ಯಾವ ಸಾಧನಗಳಿಂದ ಲಾಗಿನ್ ಆಗಿದೆ ಅನ್ನುವ ಪಟ್ಟಿ ನೋಡಿ. ಗೊತ್ತಿಲ್ಲದ ಲ್ಯಾಪ್‌ಟಾಪ್ ಕಂಡರೆ ತಕ್ಷಣ ಲಾಗೌಟ್ ಒತ್ತಲು ಕೈ ಹೋಗುತ್ತದೆ. ತಡೆಯಿರಿ. ಮೊದಲು ಆ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆಯಿರಿ. ಯಾವ ಸಾಧನ, ಕೊನೆಯ ಸಲ ಯಾವಾಗ ಬಳಕೆಯಾಯಿತು ಅನ್ನುವುದು ಅಲ್ಲೇ ಇರುತ್ತದೆ. ಆಮೇಲೆ ಲಾಗೌಟ್ ಮಾಡಿ, ಪಾಸ್‌ವರ್ಡ್ ಬದಲಿಸಿ. ಬದಲಿಸುವುದನ್ನು ನಂಬಿಕೆಯ ಬೇರೊಬ್ಬರ ಸಾಧನದಿಂದ ಮಾಡಿದರೆ ಇನ್ನೂ ಒಳ್ಳೆಯದು. ಲೊಕೇಶನ್ ಶೇರಿಂಗ್ ಆನ್ ಇದೆಯಾ ಎಂದೂ ನೋಡಿ.

ನಿಮ್ಮ ಖಾತೆ ತನ್ನ ಕೈತಪ್ಪಿದೆ ಎಂದು ಗೊತ್ತಾದರೆ ಇಣುಕುತ್ತಿದ್ದವನು ಕೆರಳಬಹುದು ಎಂಬ ಭಯವಿದ್ದರೆ, ಹಾಸ್ಟೆಲ್ ವಾರ್ಡನ್‌ಗೋ ಮನೆಯವರಿಗೋ ಮೊದಲು ತಿಳಿಸಿ, ಅವರು ಜೊತೆಗಿದ್ದಾಗ ಮಾಡಿ.

ಹಂತ 3: ಸಾಕ್ಷ್ಯ ಹಿಡಿಯುವುದು

ಎಡವುವುದು ಇಲ್ಲೇ. ಸ್ಕ್ರೀನ್‌ಶಾಟ್ ತೆಗೆಯುವುದು ಎಲ್ಲರಿಗೂ ಬರುತ್ತದೆ. ಆದರೆ ನಾಲ್ಕು ತಿಂಗಳ ನಂತರ, ಏನೂ ಗೊತ್ತಿಲ್ಲದ ಒಬ್ಬರು ನೋಡಿದರೂ ಅರ್ಥವಾಗುವ ಸ್ಕ್ರೀನ್‌ಶಾಟ್ ತುಂಬಾ ಕಡಿಮೆ ಜನಕ್ಕೆ ಬರುತ್ತದೆ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಮೊದಲನೆಯದು, ಕಳಿಸಿದ್ದು ಯಾರು ಎಂದು ಕಾಣಬೇಕು. ನೀವು ನಂಬರನ್ನು ‘ರವಿ ಸರ್’ ಅಂತಲೋ ‘ಡೋಂಟ್ ಪಿಕ್’ ಅಂತಲೋ ಸೇವ್ ಮಾಡಿಕೊಂಡಿದ್ದರೆ ಸ್ಕ್ರೀನ್‌ಶಾಟ್‌ನಲ್ಲಿ ಆ ಹೆಸರೇ ಬರುತ್ತದೆ, ನಂಬರ್ ಬರುವುದಿಲ್ಲ. ಯಾವ ನಂಬರಿಗೆ ಯಾವ ಹೆಸರು ಬೇಕಾದರೂ ಕೊಡಬಹುದಲ್ವಾ? ಎದುರು ಪಕ್ಷದವರು ಕೇಳುವ ಮೊದಲ ಪ್ರಶ್ನೆ ಇದೇ. ಆದ್ದರಿಂದ ಹೆಸರಿನ ಮೇಲೆ ಒತ್ತಿ, ನಂಬರ್, ಫೋಟೋ ಎರಡೂ ಕಾಣುವ ಪುಟವನ್ನು ಬೇರೆಯಾಗಿ ಹಿಡಿಯಿರಿ.

ಇನ್‌ಸ್ಟಾಗ್ರಾಂನಲ್ಲಿ ಯೂಸರ್‌ನೇಮ್ ಯಾವಾಗ ಬೇಕಾದರೂ ಬದಲಿಸಬಹುದು. ಚಾಟ್ ಜೊತೆಗೆ ಪ್ರೊಫೈಲ್ ಪುಟವನ್ನೂ ಹಿಡಿಯಿರಿ, ಪ್ರೊಫೈಲಿನ ಲಿಂಕ್ ಕಾಪಿ ಮಾಡಿ ಬರೆದಿಡಿ. ‘ಅಬೌಟ್ ದಿಸ್ ಅಕೌಂಟ್’ ಎಂಬ ಪುಟದಲ್ಲಿ ಖಾತೆ ಶುರುವಾದ ತಿಂಗಳು ಸಿಗುತ್ತದೆ. ನಕಲಿ ಖಾತೆಯ ವಿಷಯದಲ್ಲಿ ಅದು ದೊಡ್ಡ ಸುಳಿವು.

ಎರಡನೆಯದು, ತಾರೀಖು. ವಾಟ್ಸ್ಆ್ಯಪ್ ಮೆಸೇಜಿನ ಪಕ್ಕ ಗಂಟೆ ತೋರಿಸುತ್ತದೆ, ದಿನಕ್ಕೆ ಮೇಲೆ ‘ಇಂದು’, ‘ನಿನ್ನೆ’ ಅನ್ನುತ್ತದೆ. ‘ನಿನ್ನೆ’ ಅಂತ ಇರುವ ಸ್ಕ್ರೀನ್‌ಶಾಟ್ ಮುಂದಿನ ತಿಂಗಳು ಏನು ಹೇಳುತ್ತದೆ? ಏನೂ ಇಲ್ಲ. ಇದಕ್ಕೆ ನಾನು ಹೇಳುವ ದಾರಿ ಸ್ಕ್ರೀನ್ ರೆಕಾರ್ಡಿಂಗ್. ಫೋನಿನಲ್ಲೇ ಇರುವ ರೆಕಾರ್ಡರ್ ಆನ್ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ದಿನಾಂಕ, ಸಮಯ ಕಾಣುವ ಪುಟ ತೋರಿಸಿ. ಅಲ್ಲಿಂದ ವಾಟ್ಸ್ಆ್ಯಪ್ ತೆರೆಯಿರಿ, ಆ ವ್ಯಕ್ತಿಯ ನಂಬರ್ ಪುಟ ತೋರಿಸಿ, ಚಾಟಿನ ಮೇಲಿನಿಂದ ಕೆಳಗಿನವರೆಗೆ ಓದಲು ಆಗುವಷ್ಟು ನಿಧಾನವಾಗಿ ಸರಿಸಿ. ಒಂದೇ ಓಟದಲ್ಲಿ ಆಗಬೇಕು. ನಡುವೆ ನಿಲ್ಲಿಸಿ ಜೋಡಿಸಬೇಡಿ.

ಜೊತೆಗೆ ‘ಎಕ್ಸ್‌ಪೋರ್ಟ್ ಚಾಟ್’ ಮಾಡಿ, ಮೀಡಿಯಾ ಸಮೇತ. ಅದರಲ್ಲಿ ಪ್ರತಿ ಸಾಲಿಗೂ ಪೂರ್ತಿ ತಾರೀಖು, ಸಮಯ ಬರುತ್ತದೆ. ವಾಯ್ಸ್ ನೋಟ್‌ಗಳೂ ಫೈಲ್ ರೂಪದಲ್ಲಿ ಸಿಗುತ್ತವೆ. ವಾಯ್ಸ್ ನೋಟಿನ ಸ್ಕ್ರೀನ್‌ಶಾಟ್ ತಂದು ಕೊಡುವವರಿದ್ದಾರೆ, ಅದರಲ್ಲಿ ಕೇಳಲು ಏನಿರುತ್ತದೆ? ಆದರೆ ಎಕ್ಸ್‌ಪೋರ್ಟ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಅದು ಸಾದಾ ಪಠ್ಯದ ಫೈಲ್, ಯಾರು ಬೇಕಾದರೂ ತಿದ್ದಬಹುದು. ಸ್ಕ್ರೀನ್‌ಶಾಟ್, ರೆಕಾರ್ಡಿಂಗ್, ಎಕ್ಸ್‌ಪೋರ್ಟ್ ಮೂರೂ ಒಂದನ್ನೊಂದು ಹೊಂದಿಕೊಂಡಾಗ ಅದಕ್ಕೆ ತೂಕ ಬರುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ನಿಮ್ಮ ಉತ್ತರಗಳನ್ನು ಅಳಿಸಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ‘ನಾನೂ ನಗುವ ಇಮೋಜಿ ಹಾಕಿದ್ದೆ’, ‘ಥ್ಯಾಂಕ್ಯೂ ಸರ್ ಅಂದಿದ್ದೆ’ ಎಂದು ನಾಚಿಕೊಂಡು ಆ ಸಾಲುಗಳನ್ನು ತೆಗೆದು ತರುತ್ತಾರೆ. ಎದುರಿನವನ ಫೋನಿನಲ್ಲಿ ಪೂರ್ತಿ ಚಾಟ್ ಇರುತ್ತದೆ. ಆತ ಅದನ್ನು ತಂದಿಟ್ಟ ದಿನ, ನಿಮ್ಮ ಮಿಕ್ಕ ಸತ್ಯವನ್ನೂ ಅನುಮಾನದಿಂದ ನೋಡುತ್ತಾರೆ. ಅಂಕ ಕೊಡುವ ಕೈಯಲ್ಲಿರುವವರಿಗೆ ವಿದ್ಯಾರ್ಥಿ ಮೆತ್ತಗೆ ಉತ್ತರಿಸಿದರೆ ಅದು ಒಪ್ಪಿಗೆ ಅಲ್ಲ. ತಪ್ಪಿಸಿಕೊಳ್ಳಲು ನಕ್ಕಿದ್ದು ಒಪ್ಪಿಗೆ ಅಲ್ಲ. ಅದನ್ನು ಸಮಿತಿಯ ಮುಂದೆ ನಿಮ್ಮ ಬಾಯಿಂದಲೇ ಹೇಳಿ. ಪೂರ್ತಿ ಚಾಟ್ ಕೊಟ್ಟವರ ಮಾತಿಗೆ ಬಲ ಜಾಸ್ತಿ.

ಇದೇ ಕಾರಣಕ್ಕೆ ಕ್ರಾಪ್ ಮಾಡಬೇಡಿ. ಕೆಂಪು ವೃತ್ತ ಹಾಕಬೇಡಿ. ಒಂದು ಸ್ಕ್ರೀನ್‌ಶಾಟ್‌ನ ಕೊನೆಯ ಮೆಸೇಜ್ ಮುಂದಿನದರ ಮೊದಲ ಮೆಸೇಜ್ ಆಗಿರಲಿ. ನಡುವೆ ಏನೂ ಬಿಟ್ಟಿಲ್ಲ ಎಂದು ಅದರಿಂದಲೇ ಗೊತ್ತಾಗುತ್ತದೆ. ಗುರುತು ಹಾಕಿ ತೋರಿಸಬೇಕಿದ್ದರೆ ಇನ್ನೊಂದು ಪ್ರತಿ ಮಾಡಿ ಅದರ ಮೇಲೆ ಹಾಕಿ.

ನಾಲ್ಕನೆಯದು, ಮಾಯವಾಗುವ ಮೆಸೇಜ್‌ಗಳು. ವಾಟ್ಸ್ಆ್ಯಪಿನ ‘ಡಿಸಪಿಯರಿಂಗ್’ 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಇರುತ್ತದೆ. ಅದನ್ನು ಆಫ್ ಮಾಡಿದರೆ ಹಳೆಯ ಮೆಸೇಜ್ ಉಳಿಯುತ್ತದೆ ಎಂದುಕೊಳ್ಳಬೇಡಿ, ಉಳಿಯುವುದಿಲ್ಲ. ಆಫ್ ಮಾಡಿದ ಸುದ್ದಿ ಚಾಟಿನಲ್ಲಿ ಎದುರಿನವನಿಗೂ ಕಾಣುತ್ತದೆ. ಹಿಡಿಯುವುದು ಮೊದಲು, ಸೆಟ್ಟಿಂಗ್ ಆಮೇಲೆ. ಒಮ್ಮೆ ಮಾತ್ರ ನೋಡಬಹುದಾದ ಫೋಟೋಗಳ ಸ್ಕ್ರೀನ್‌ಶಾಟನ್ನು ವಾಟ್ಸ್ಆ್ಯಪ್ ತಡೆಯುತ್ತದೆ. ಸ್ನ್ಯಾಪ್‌ಚಾಟಿನಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಕಳಿಸಿದವನಿಗೆ ತಿಳಿಯುತ್ತದೆ. ಇಂಥ ಕಡೆ ನಂಬಿಕೆಯ ಒಬ್ಬರ ಫೋನಿನಿಂದ ನಿಮ್ಮ ಫೋನಿನ ಪರದೆಯ ಫೋಟೋ ತೆಗೆಸಿ. ಅವರೇ ಮುಂದೆ ಸಾಕ್ಷಿಯೂ ಆಗುತ್ತಾರೆ. ‘ಈ ಮೆಸೇಜ್ ಅಳಿಸಲಾಗಿದೆ’ ಎಂಬ ಸಾಲು ಕಂಡರೂ ಹಿಡಿಯಿರಿ. ಅಳಿಸಿದ್ದಾನೆ ಅನ್ನುವುದೇ ಒಂದು ಮಾಹಿತಿ.

ಗ್ರೂಪಿನಲ್ಲಿ ನಡೆದಿದ್ದರೆ ಸದಸ್ಯರ ಪಟ್ಟಿ, ಅಡ್ಮಿನ್ ಯಾರು ಅನ್ನುವುದು ಬೇಕು. ಗ್ರೂಪ್ ಬಿಟ್ಟು ಹೋಗುವ ಮುಂಚೆ ಅವನ್ನು ಹಿಡಿಯಿರಿ. ಅದೇ ಗ್ರೂಪಿನಲ್ಲಿರುವ ಉಳಿದವರಿಗೂ ಒಂದು ಮಾತು. ಸುಮ್ನೆ ನೋಡಿ ಸ್ಕ್ರಾಲ್ ಮಾಡಬೇಡಿ. ಗುರಿಯಾದವಳು ಆ ಗ್ರೂಪಿನಲ್ಲಿ ಇಲ್ಲದೇ ಇರಬಹುದು. ಯಾರು, ಯಾವಾಗ ಹಾಕಿದರು ಎಂದು ಹಿಡಿದಿಟ್ಟು ಆಕೆಗೆ ತಿಳಿಸಿ. ಆ ಫೋಟೋವನ್ನು ಮಾತ್ರ ಇನ್ನೊಬ್ಬರಿಗೆ ಕಳಿಸಬೇಡಿ, ‘ನೋಡು ಏನು ಮಾಡಿದ್ದಾರೆ’ ಎಂದು ಹೇಳಲಿಕ್ಕೂ ಬೇಡ.

ಇಮೇಲ್ ಬಂದಿದ್ದರೆ ಫಾರ್ವರ್ಡ್ ಮಾಡಬೇಡಿ. ಫಾರ್ವರ್ಡ್ ಆದ ಇಮೇಲಿನಲ್ಲಿ ಮೂಲದ ತಾಂತ್ರಿಕ ವಿವರ ಕಳೆದುಹೋಗುತ್ತದೆ. ಜಿಮೇಲ್‌ನಲ್ಲಿ ‘ಶೋ ಒರಿಜಿನಲ್’ ಒತ್ತಿ, ಅಲ್ಲಿಂದಲೇ ಡೌನ್‌ಲೋಡ್ ಮಾಡಿ.

ಇನ್ನು ಮೋಸದ ವಸ್ತುಗಳು. ಅಳಿಸಿದ ಮೆಸೇಜ್ ವಾಪಸ್ ತರುತ್ತೇವೆ ಅನ್ನುವ ಆ್ಯಪ್‌ಗಳನ್ನು ಹಾಕಿಕೊಳ್ಳಬೇಡಿ. ಹೆಚ್ಚಿನವು ನಿಮ್ಮ ನೋಟಿಫಿಕೇಶನ್‌ಗಳನ್ನೆಲ್ಲ ಓದುವ ಅನುಮತಿ ಕೇಳುತ್ತವೆ. ಅಂದರೆ ಓಟಿಪಿ ಸೇರಿ ಎಲ್ಲವೂ ಅವರ ಕೈಗೆ. ಹತ್ತು ಸ್ಕ್ರೀನ್‌ಶಾಟ್ ಜೋಡಿಸಿ ಒಂದು ಮಾಡುವ ಆ್ಯಪ್ ಕೂಡ ಬೇಡ, ಅದು ಮೂಲವನ್ನು ತಿದ್ದಿದಂತೆ. ಜಾಗ ಉಳಿಸಲು ಹಳೆಯ ಫೈಲ್ ಅಳಿಸುವ ‘ಕ್ಲೀನರ್’ ಆ್ಯಪ್ ಇದ್ದರೆ ಇವತ್ತೇ ತೆಗೆದುಹಾಕಿ. ‘ದುಡ್ಡು ಕೊಡಿ, ಅವನ ಫೋನ್ ಹ್ಯಾಕ್ ಮಾಡಿ ಫೋಟೋ ಅಳಿಸುತ್ತೇವೆ’ ಅನ್ನುವವರು ಎರಡನೇ ಸುಲಿಗೆಕೋರರು. ಅವರಿಗೆ ಉತ್ತರವನ್ನೇ ಕೊಡಬೇಡಿ.

ಹಂತ 4: ಖಾಸಗಿ ಫೋಟೋ, ವಿಡಿಯೋ ಇದ್ದರೆ ನಿಯಮವೇ ಬೇರೆ

ಇಲ್ಲಿ ಚಿತ್ರಕ್ಕಿಂತ ಲಿಂಕ್ ಮುಖ್ಯ. ಎಲ್ಲಿ ಹಾಕಿದ್ದಾರೆ, ಯಾವ ಖಾತೆ, ಯಾವ ದಿನ. ಇಷ್ಟನ್ನು ಹಿಡಿಯಿರಿ. ಸಾಕ್ಷ್ಯ ಎಂದು ಚಿತ್ರವನ್ನು ಗೆಳತಿಯರಿಗೆ, ತರಗತಿಯ ಪ್ರತಿನಿಧಿಗೆ, ಮೇಷ್ಟ್ರಿಗೆ ಕಳಿಸುತ್ತಾ ಹೋಗಬೇಡಿ. ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಇ ಮತ್ತು 67ಎ ಕಲಂಗಳು ಇಂಥ ಚಿತ್ರ ಹಂಚುವುದನ್ನೇ ಅಪರಾಧ ಅನ್ನುತ್ತವೆ.

ಚಿತ್ರದಲ್ಲಿರುವವರು 18 ತುಂಬದವರಾದರೆ ಇನ್ನೂ ಬಿಗಿ. ಡಿಗ್ರಿಯ ಮೊದಲ ವರ್ಷದಲ್ಲಿ 17ರ ವಯಸ್ಸಿನವರೂ ಇರುತ್ತಾರೆ ಎಂಬುದು ನೆನಪಿರಲಿ. ಅಂಥ ಚಿತ್ರವನ್ನು ಡೌನ್‌ಲೋಡ್ ಮಾಡುವುದೇ 67ಬಿ ಅಡಿ ಅಪರಾಧ. ಲಿಂಕ್ ಮಾತ್ರ ಬರೆದುಕೊಂಡು ಪೊಲೀಸರಿಗೆ ಕೊಡಿ. ಮಕ್ಕಳ ಸಹಾಯವಾಣಿ 1098.

ಹರಡುವುದನ್ನು ತಡೆಯಲು ಒಂದು ಒಳ್ಳೆಯ ಸಾಧನ ಇದೆ, ಗೊತ್ತಿರುವವರು ಕಡಿಮೆ. ಸ್ಟಾಪ್‌ಎನ್‌ಸಿಐಐ ಡಾಟ್ ಆರ್ಗ್ (StopNCII.org) ಎಂಬ ತಾಣ. 2021ರ ಡಿಸೆಂಬರ್‌ನಲ್ಲಿ ಶುರುವಾದದ್ದು, ಬ್ರಿಟನ್ನಿನ ರಿವೆಂಜ್ ಪೋರ್ನ್ ಹೆಲ್ಪ್‌ಲೈನ್ ನಡೆಸುತ್ತದೆ. ನಿಮ್ಮ ಫೋಟೋವನ್ನು ಅವರಿಗೆ ಕಳಿಸಬೇಕಿಲ್ಲ. ಫೋಟೋ ನಿಮ್ಮ ಫೋನಿನಲ್ಲೇ ಇರುತ್ತದೆ. ಅದರಿಂದ ಬೆರಳಚ್ಚಿನಂಥ ಒಂದು ಉದ್ದನೆಯ ಸಂಕೇತ ತಯಾರಾಗುತ್ತದೆ, ಆ ಸಂಕೇತ ಮಾತ್ರ ಅವರಿಗೆ ಹೋಗುತ್ತದೆ. ಇದರಲ್ಲಿ ಕೈಜೋಡಿಸಿರುವ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಂಪನಿಗಳು ಅದೇ ಸಂಕೇತ ಹೊಂದುವ ಚಿತ್ರ ಕಂಡರೆ ತಡೆಯುತ್ತವೆ. ಇನ್ನೂ ಹಾಕಿಲ್ಲ, ಹಾಕುತ್ತೇನೆ ಎಂದು ಬೆದರಿಸುತ್ತಿದ್ದಾನೆ ಅನ್ನುವ ಹಂತದಲ್ಲೂ ಬಳಸಬಹುದು. ಇದು 18 ತುಂಬಿದವರಿಗೆ. 18ರ ಒಳಗೆ ತೆಗೆದ ಚಿತ್ರಗಳಿಗೆ ‘ಟೇಕ್ ಇಟ್ ಡೌನ್’ ಎಂಬ ಬೇರೆ ಸೇವೆ ಇದೆ. ಎರಡಕ್ಕೂ ಕಾಸು ಕೊಡಬೇಕಿಲ್ಲ.

ಈಗಾಗಲೇ ಹಾಕಿದ್ದರೆ ಆಯಾ ಕಂಪನಿಗೇ ರಿಪೋರ್ಟ್ ಮಾಡಿ. ಬೆತ್ತಲೆ ಚಿತ್ರ, ತಿದ್ದಿ ತಯಾರಿಸಿದ ಚಿತ್ರಗಳನ್ನು ದೂರು ಬಂದ ಮೇಲೆ ತೆಗೆಯಲು 2021ರ ಐಟಿ ನಿಯಮಗಳು ಬಂದಾಗಲೇ 24 ಗಂಟೆಗಳ ಗಡುವು ಹಾಕಿದ್ದವು. ರಿಪೋರ್ಟ್ ಒತ್ತುವ ಮುಂಚೆ ಲಿಂಕ್ ಬರೆದುಕೊಂಡಿದ್ದೀರಾ ಎಂದು ಇನ್ನೊಮ್ಮೆ ನೋಡಿ. ತೆಗೆದುಹಾಕಿದ ಮೇಲೆ ಅದು ಅಲ್ಲಿತ್ತು ಎಂದು ತೋರಿಸಲು ಉಳಿಯುವುದು ಅದೊಂದೇ.

ಹಂತ 5: ಇಟ್ಟುಕೊಳ್ಳುವುದು

ಎರಡು ಕಡೆ ಇಡಿ. ಒಂದು ಪೆನ್‌ಡ್ರೈವ್, ಒಂದು ಹೊಸದಾಗಿ ತೆರೆದ ಇಮೇಲ್. ಹಳೆಯ ಇಮೇಲ್ ಬೇಡ, ಅದರ ಪಾಸ್‌ವರ್ಡ್ ಯಾರಿಗೆ ಗೊತ್ತಿದೆಯೋ. ವಾಟ್ಸ್ಆ್ಯಪಿನಲ್ಲಿ ಫೋಟೋ ಆಗಿ ಕಳಿಸಿಕೊಂಡರೆ ಗುಣಮಟ್ಟ ಕುಗ್ಗುತ್ತದೆ, ‘ಡಾಕ್ಯುಮೆಂಟ್’ ಆಗಿ ಕಳಿಸಿಕೊಳ್ಳಿ.

ಫೋನ್ ಮಾರಬೇಡಿ, ಎಕ್ಸ್‌ಚೇಂಜ್‌ಗೆ ಕೊಡಬೇಡಿ, ರೀಸೆಟ್ ಮಾಡಬೇಡಿ. ವಿಷಯ ಕೋರ್ಟಿಗೆ ಹೋದರೆ ಮೂಲ ಫೋನಿಗೆ ಬೆಲೆ ಹೆಚ್ಚು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಡಿಜಿಟಲ್ ದಾಖಲೆಯ ಪ್ರತಿ ಕೊಡುವಾಗ ಒಂದು ಪ್ರಮಾಣಪತ್ರವೂ ಬೇಕು. ಅದನ್ನು ವಕೀಲರು, ತಜ್ಞರು ಮಾಡಿಸುತ್ತಾರೆ. ನಿಮ್ಮ ಕೆಲಸ ಮೂಲವನ್ನು ಕೆಡದಂತೆ ಇಡುವುದು.

ಒಂದು ನೋಟ್‌ಬುಕ್ ಇಡಿ. ಫೋನಿನ ನೋಟ್ಸ್ ಆ್ಯಪ್ ಅಲ್ಲ, ಕಾಗದದ್ದೇ. ತಾರೀಖು, ಸಮಯ, ಎಲ್ಲಿ, ಏನಾಯಿತು, ಯಾರು ನೋಡಿದರು, ಆ ದಿನವೇ ಯಾರಿಗೆ ಹೇಳಿದಿರಿ. ಅಂದಂದೇ ಪೆನ್ನಿನಲ್ಲಿ ಬರೆದ ಸಾಲು, ಆರು ತಿಂಗಳ ಮೇಲೆ ನೆನಪಿಸಿಕೊಂಡು ಹೇಳುವ ಮಾತಿಗಿಂತ ಗಟ್ಟಿ.

ಇಷ್ಟಾದ ಮೇಲೆ ಬ್ಲಾಕ್ ಮಾಡಿ. ಬ್ಲಾಕ್ ಒತ್ತಿದಾಗ ಬರುವ ಪೆಟ್ಟಿಗೆಯನ್ನು ಓದಿ ಒತ್ತಿ. ರಿಪೋರ್ಟ್ ಜೊತೆಗೆ ಚಾಟನ್ನೂ ಅಳಿಸುವ ಆಯ್ಕೆ ಅಲ್ಲಿ ಇರಬಹುದು.

ಹಂತ 6: ದೂರು

ಘಟನೆ ನಡೆದ 3 ತಿಂಗಳೊಳಗೆ ನಿಮ್ಮ ಕಾಲೇಜು ಅಥವಾ ವಿಶ್ವವಿದ್ಯಾಲಯದ ಆಂತರಿಕ ದೂರು ಸಮಿತಿಗೆ ಲಿಖಿತವಾಗಿ ಕೊಡಬೇಕು. ಮತ್ತೆ ಮತ್ತೆ ನಡೆದಿದ್ದರೆ ಕೊನೆಯ ಘಟನೆಯಿಂದ ಲೆಕ್ಕ. ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ವಿಸ್ತರಿಸಬಹುದು. ಬರೆಯಲು ಆಗದಿದ್ದರೆ ಸಮಿತಿಯವರೇ ನೆರವಾಗಬೇಕು. ಮೆಸೇಜ್ ಬಂದದ್ದು ಹಾಸ್ಟೆಲ್‌ನಲ್ಲೋ, ಇಂಟರ್ನ್‌ಶಿಪ್‌ನಲ್ಲೋ, ಅಧ್ಯಯನ ಪ್ರವಾಸದಲ್ಲೋ ಆಗಿದ್ದರೆ ‘ಕ್ಯಾಂಪಸ್ ಹೊರಗಿನದು’ ಎಂದು ಯಾರಾದರೂ ತಳ್ಳಿಹಾಕಲು ನೋಡಬಹುದು. ಬಿಡಬೇಡಿ. ಯುಜಿಸಿ ನಿಯಮದ ಕ್ಯಾಂಪಸ್‌ನಲ್ಲಿ ಇವೆಲ್ಲ ಸೇರುತ್ತವೆ.

ವಿಭಾಗದ ಮುಖ್ಯಸ್ಥರಿಗೆ ಬಾಯಿಮಾತಿನಲ್ಲಿ ಹೇಳಿ ಬಂದರೆ ದೂರು ಕೊಟ್ಟಂತೆ ಆಗುವುದಿಲ್ಲ. ಕುಲಪತಿ, ಕುಲಸಚಿವರು, ಡೀನ್, ವಿಭಾಗ ಮುಖ್ಯಸ್ಥರು ಈ ಸಮಿತಿಯಲ್ಲಿ ಇರುವಂತೆಯೇ ಇಲ್ಲ. ಸಮಿತಿಗೆ ಹಿರಿಯ ಪ್ರಾಧ್ಯಾಪಕಿ ಅಧ್ಯಕ್ಷೆ. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಚುನಾಯಿತ ವಿದ್ಯಾರ್ಥಿ ಸದಸ್ಯರೂ ಇರಬೇಕು. ಸ್ವೀಕೃತಿ ಪತ್ರ ಇಲ್ಲದೆ ಅಲ್ಲಿಂದ ಏಳಬೇಡಿ. ಫೋನ್ ತೋರಿಸಿ, ಪ್ರತಿ ಕೊಡಿ, ಫೋನನ್ನೇ ಬಿಟ್ಟು ಬರಬೇಡಿ.

ದೂರಿನಲ್ಲೇ ತಾತ್ಕಾಲಿಕ ರಕ್ಷಣೆ ಕೇಳಿ. ಬಹಳ ಜನ ಇದನ್ನು ಕೇಳುವುದೇ ಇಲ್ಲ. ಆರೋಪ ಹೊತ್ತ ಅಧ್ಯಾಪಕರು ನಿಮ್ಮ ಉತ್ತರ ಪತ್ರಿಕೆ ನೋಡಬಾರದು, ಆ ವ್ಯಕ್ತಿ ನಿಮ್ಮಿಂದ ದೂರ ಇರಬೇಕು, ವಿಭಾಗ ಬದಲಾಗಬೇಕು, ನಿಮಗೆ 3 ತಿಂಗಳವರೆಗೆ ರಜೆ ಬೇಕು. ಇವನ್ನೆಲ್ಲ ಶಿಫಾರಸು ಮಾಡುವ ಅಧಿಕಾರ ಸಮಿತಿಗಿದೆ.

ಪೊಲೀಸ್ ದೂರನ್ನೂ ಜೊತೆಗೇ ಕೊಡಬಹುದು. ‘ಮೊದಲು ನಮ್ಮದು ಮುಗಿಯಲಿ’ ಎಂದು ಕಾಲೇಜು ತಡೆಯುವಂತಿಲ್ಲ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಲೈಂಗಿಕ ಕಿರುಕುಳಕ್ಕೆ 75, ಕದ್ದು ನೋಡುವುದು, ಚಿತ್ರೀಕರಿಸುವುದಕ್ಕೆ 77, ಹಿಂಬಾಲಿಸುವುದಕ್ಕೆ 78ನೇ ಕಲಂ ಇವೆ. ಮಹಿಳೆಯ ಇಂಟರ್ನೆಟ್, ಇಮೇಲ್ ಬಳಕೆಯ ಮೇಲೆ ಕಣ್ಣಿಡುವುದೂ 78ರೊಳಗೆ ಬರುತ್ತದೆ. ‘ನಮ್ಮ ವ್ಯಾಪ್ತಿ ಅಲ್ಲ’ ಎಂದು ಠಾಣೆಯವರು ವಾಪಸ್ ಕಳಿಸುವಂತಿಲ್ಲ. ಇಮೇಲ್‌ನಂಥ ಮಾರ್ಗದಲ್ಲಿ ಮಾಹಿತಿ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಕರ್ನಾಟಕದಲ್ಲಾದರೆ ಸೈಬರ್ ಅಪರಾಧಗಳಿಗೆ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗಳಿವೆ. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ತಾಣದಲ್ಲಿ ಮಹಿಳೆಯರು ಮತ್ತು ಮಕ್ಕಳ ಮೇಲಿನ ಅಪರಾಧಗಳನ್ನು ಹೆಸರು ಹೇಳದೆಯೂ ವರದಿ ಮಾಡಬಹುದು. ಪೊಲೀಸರು ಫೋನ್ ವಶಕ್ಕೆ ಪಡೆದರೆ ಮಹಜರಿನ ಪ್ರತಿ ಕೇಳಿ ಪಡೆಯಿರಿ.

ವಿಭಾಗಗಳಿಗೂ ಒಂದು ಮಾತು ಹೇಳಲೇಬೇಕು. ವಿದ್ಯಾರ್ಥಿನಿಯರ ಹೆಸರು, ಮೊಬೈಲ್ ನಂಬರ್ ಇರುವ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಬೇಡಿ, ಗ್ರೂಪಿಗೆ ಹಾಕಬೇಡಿ. ಪಾಠ, ಅಸೈನ್‌ಮೆಂಟ್ ವಿಷಯ ಸಂಸ್ಥೆಯ ಇಮೇಲ್‌ನಲ್ಲೇ ನಡೆಯಲಿ. ಮಾರ್ಗದರ್ಶಕರು ಸಂಶೋಧನಾ ವಿದ್ಯಾರ್ಥಿಗೆ ರಾತ್ರಿ ಹೊತ್ತು ವೈಯಕ್ತಿಕ ನಂಬರಿನಿಂದ ಮೆಸೇಜ್ ಕಳಿಸುವ ಅಗತ್ಯವೇ ಇಲ್ಲ. ಈ ನಿಯಮವನ್ನು ವರ್ಷದ ಮೊದಲ ದಿನವೇ ಬರೆದು ಹಂಚಿದರೆ, ಅದನ್ನು ಮೀರುವವರು ಬೇಗ ಕಣ್ಣಿಗೆ ಬೀಳುತ್ತಾರೆ.

ಹಂತ 7: ದೂರು ಕೊಟ್ಟ ಮೇಲೆ

ದೂರು ತಲುಪಿದ 7 ದಿನದಲ್ಲಿ ಅದರ ಪ್ರತಿ ಎದುರಿನವರಿಗೆ ಹೋಗುತ್ತದೆ, 10 ದಿನದಲ್ಲಿ ಅವರು ಉತ್ತರಿಸಬೇಕು. ವಿಚಾರಣೆ 90 ದಿನದೊಳಗೆ ಮುಗಿಯಬೇಕು. ಈ ಅವಧಿಯಲ್ಲಿ ಒತ್ತಡ ಬರುವುದುಂಟು. ‘ವಾಪಸ್ ತಗೋ, ಅವನ ಭವಿಷ್ಯ ಹಾಳಾಗುತ್ತೆ’ ಎಂದು ಗೆಳೆಯರಿಂದ ಮೆಸೇಜ್ ಬರಬಹುದು. ಅವನ್ನೂ ಹಂತ 3ರಂತೆಯೇ ಉಳಿಸಿ, ಸಮಿತಿಗೆ ಕೊಡಿ. ನಿಮ್ಮ ಸ್ಟೇಟಸ್‌ನಲ್ಲಿ ಪ್ರಕರಣದ ಬಗ್ಗೆ ಬರೆಯಬೇಡಿ. ವಿಚಾರಣೆಯ ವಿವರ ಗುಟ್ಟಾಗಿ ಇರಬೇಕು ಎಂಬ ನಿಯಮ ಇಬ್ಬರಿಗೂ ಅನ್ವಯಿಸುತ್ತದೆ.

ವರದಿಯ ಪ್ರತಿ ನಿಮಗೂ ಸಿಗಬೇಕು, ಕೇಳಿ ಪಡೆಯಿರಿ. ಒಪ್ಪಿಗೆಯಾಗದಿದ್ದರೆ ಯುಜಿಸಿ ನಿಯಮದಂತೆ ಮೇಲ್ಮನವಿಗೆ ಇರುವುದು 30 ದಿನ. ಅದೇ ಅವಕಾಶ ಎದುರಿನವರಿಗೂ ಇದೆ. ಹಾಗಾಗಿ ವರದಿ ನಿಮ್ಮ ಪರವಾಗಿ ಬಂದರೂ ಪೆನ್‌ಡ್ರೈವ್, ಫೋನ್, ನೋಟ್‌ಬುಕ್ ಮೂರನ್ನೂ ಮೇಲ್ಮನವಿಯೂ ಪೊಲೀಸ್ ಪ್ರಕರಣವೂ ಮುಗಿಯುವವರೆಗೆ ಹಾಗೇ ಇಡಿ.